ಕಾಳಗದ ವೀಕ್ಷಕ ವಿವರಣೆ: ಸಾಕ್ಷ್ಯವಾಗಿ ಅದರ ಬೆಲೆ

ಇಬ್ಬರು ಕಣಕ್ಕಿಳಿದು ಸೆಣಸುವುದನ್ನು ಮೂರನೆಯವನೊಬ್ಬನು ಕಂಡು, ಕಾಣದವರಿಗೆ ಹೇಳುವ ಪದ್ಧತಿ ಬಹು ಪ್ರಾಚೀನವಾದುದು. ಟೆಲಿವಿಷನ್ನಿನಲ್ಲಿ ಬಾಕ್ಸಿಂಗ್ ಸ್ಪರ್ಧೆ ಪ್ರಸಾರವಾಗುವಾಗ ಕೇಳಿಬರುವ ವೀಕ್ಷಕ ವಿವರಣೆಯೂ, ಸ್ಪರ್ಧೆ ಮುಗಿದೊಡನೆ ಕಣದಲ್ಲಿಯೇ ನಡೆಯುವ ಸಂದರ್ಶನವೂ ಈ ಪದ್ಧತಿಯ ಇಂದಿನ ರೂಪಗಳು. ಇವುಗಳ ಗುಣಮಟ್ಟವನ್ನು ಕುರಿತ ಚರ್ಚೆಯನ್ನು ಕ್ರೀಡಾಪತ್ರಿಕೆಗಳಿಗೆ ಬಿಟ್ಟುಬಿಡುವುದು ರೂಢಿ. ಆದರೆ ಇದು ಇತಿಹಾಸದ ವಿದ್ಯಾರ್ಥಿಗೂ ಸೇರಿದ ವಿಷಯವೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಹಿಂದಿನ ಕಾಳಗಗಳ ವಿಷಯದಲ್ಲಿ ನಮಗೆ ತಿಳಿದಿರುವುದೆಲ್ಲ ಅಂದು ಯಾರೋ ಒಬ್ಬರು ಕಂಡು ಹೇಳಿದ ಮಾತೇ. ಇಂದಿನ ಪ್ರಸಾರವೂ ನಾಳೆಯವರಿಗೆ ಅಂಥದೇ ದಾಖಲೆಯಾಗಲಿದೆ. ದಾಖಲೆಯ ಬೆಲೆಯನ್ನು ಕಟ್ಟುವ ಕ್ರಮ ಎರಡಕ್ಕೂ ಒಂದೇ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ಇಂದು ಲಾಸ್ ವೇಗಾಸ್ ನಗರದ ಬಾಕ್ಸಿಂಗನ್ನು ಕೈಯಲ್ಲಿರುವ ಫೋನಿನಲ್ಲೇ ನೋಡುತ್ತಾರೆ. ಅದೇ ವಿದ್ಯಾರ್ಥಿಗಳ ಊರಿನ ಕೆರೆಯ ಏರಿಯ ಮೇಲೋ, ದೇವಸ್ಥಾನದ ಪಕ್ಕದಲ್ಲೋ ಒಂದು ವೀರಗಲ್ಲು ನಿಂತಿರುವುದುಂಟು. ಇವೆರಡನ್ನೂ ಒಂದೇ ಪ್ರಶ್ನೆಯಿಂದ ಪರೀಕ್ಷಿಸಬಹುದು: ಹೇಳಿದವನು ಏನನ್ನು ಕಂಡನು, ಯಾರ ಪರವಾಗಿ ಹೇಳಿದನು, ಏನನ್ನು ಬಿಟ್ಟನು?

೧. ಹುರಿದುಂಬಿಸುವವನು, ಹೊಗಳುವವನು, ಹೇಳುವವನು

ಕಾಳಗದ ಪಕ್ಕದಲ್ಲಿ ನಿಂತು ಮಾತನಾಡುವವರಲ್ಲಿ ಮೂರು ಬಗೆ. ಮೊದಲನೆಯವನು ಹುರಿದುಂಬಿಸುವವನು. ಹೊಯ್ಸಳ ವಂಶದ ಹೆಸರನ್ನು ವಿವರಿಸುವ ಐತಿಹ್ಯದಲ್ಲಿ, ಮೇಲೆರಗಿದ ಹುಲಿಯನ್ನು ಹೊಡೆಯೆಂದು ಸಳನಿಗೆ ಕೂಗಿ ಹೇಳುವ ಮುನಿಯು ಈ ಬಗೆಗೆ ಸೇರಿದವನು. ಆ ಕೂಗು ವಿವರಣೆಯಲ್ಲ, ಆಜ್ಞೆ. ಬಾಕ್ಸಿಂಗಿನಲ್ಲಿ ಕಣದ ಮೂಲೆಯಲ್ಲಿ ನಿಂತ ಶಿಕ್ಷಕನು ಮಾಡುವ ಕೆಲಸವೂ ಅದೇ. ಎರಡನೆಯವನು ಹೊಗಳುವವನು, ಬಿರುದಾವಳಿಯನ್ನು ಹೇಳುವ ವಂದಿಮಾಗಧರ ಪರಂಪರೆ ಅವನದು. ಮೂರನೆಯವನು ಕಂಡದ್ದನ್ನು ಕಂಡಂತೆ ಹೇಳುವವನು, ಎಂದರೆ ಸಾಕ್ಷಿ. ಮೂವರಿಗೂ ಅವರವರ ಸ್ಥಾನವಿದೆ. ಒಬ್ಬನು ಇನ್ನೊಬ್ಬನ ಪೀಠದಲ್ಲಿ ಕುಳಿತಾಗ ಮಾತ್ರ ಕೇಳುವವನು ಮೋಸಹೋಗುತ್ತಾನೆ. ಟೆಲಿವಿಷನ್ ಬಾಕ್ಸಿಂಗಿನ ವೀಕ್ಷಕ ವಿವರಣೆಯ ಮೇಲೆ ಬರುವ ಆಕ್ಷೇಪಣೆಗಳನ್ನು ವಿಂಗಡಿಸಿ ನೋಡಿದರೆ, ಬಹುಪಾಲು ಇಲ್ಲಿಗೇ ಬಂದು ಮುಟ್ಟುತ್ತವೆ: ಸಾಕ್ಷಿಯ ಪೀಠದಲ್ಲಿ ವಂದಿಯು ಕುಳಿತಿದ್ದಾನೆ.

೨. ಕಲ್ಲಿನ ಮೇಲಿನ ವಿವರಣೆ

೧೯೦೨ರಲ್ಲಿ ರೈಸ್ ಅವರು ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟದಲ್ಲಿ ಹಾಸನ ಜಿಲ್ಲೆಯ ಶಾಸನಗಳಿವೆ. ಮೇಲೆ ಹೇಳಿದ ನಾಲ್ಕು ತಾಲ್ಲೂಕುಗಳ ವೀರಗಲ್ಲುಗಳೂ ಅದರಲ್ಲಿ ಸೇರಿವೆ. ವೀರಗಲ್ಲಿನ ರಚನೆ ಸಾಮಾನ್ಯವಾಗಿ ಮೂರು ಪಟ್ಟಿಕೆಗಳದು: ಕೆಳಗೆ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುತ್ತಿರುವ ಅಪ್ಸರೆಯರು, ಮೇಲೆ ದೇವಸನ್ನಿಧಿ. ತುರುಗೋಳಿನಲ್ಲಿಯೋ ಊರಳಿವಿನಲ್ಲಿಯೋ ಕಾದಿ ಸತ್ತವನ ಹೆಸರು, ಅವನ ಒಡೆಯನ ಹೆಸರು, ಕಲ್ಲನ್ನು ನಿಲ್ಲಿಸಿದವರ ಹೆಸರು ಇವು ಬರಹದಲ್ಲಿ ದೊರೆಯುತ್ತವೆ. ದೊರೆಯದಿರುವುದು ಎದುರಾಳಿಯ ಮಾತು. ಕಲ್ಲಿನ ವೆಚ್ಚವನ್ನು ಕೊಟ್ಟವರ ಕಣ್ಣಿನಿಂದಲೇ ನಾವು ಆ ಕಾಳಗವನ್ನು ನೋಡಬೇಕಾಗಿದೆ. ಇದರಿಂದ ವೀರಗಲ್ಲು ನಿರುಪಯುಕ್ತವಾಗುವುದಿಲ್ಲ. ಅದನ್ನು ಯಾರು ಕೆತ್ತಿಸಿದರೆಂಬುದನ್ನು ನೆನಪಿನಲ್ಲಿಟ್ಟು ಓದಬೇಕಾಗುತ್ತದೆ, ಅಷ್ಟೆ.

ಹೇಳುವ ಒಂದು ಮಾತಿನ ಮೇಲೆ ಎಷ್ಟು ಭಾರ ಬೀಳಬಹುದೆಂಬುದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಒಳ್ಳೆಯ ನಿದರ್ಶನ. ೯೪೯-೫೦ರ ಸುಮಾರಿಗೆ ಸೇರುವ ಈ ಕಲ್ಲು ಎರಡು ಕಾಳಗಗಳನ್ನು ಹೇಳುತ್ತದೆ. ಒಂದು, ಕಾಳಿಯೆಂಬ ಬೇಟೆನಾಯಿಗೂ ಹಂದಿಗೂ ನಡೆದು ಎರಡೂ ಸತ್ತುಹೋದ ಹೋರಾಟ. ಇನ್ನೊಂದು, ತಕ್ಕೋಲದ ಯುದ್ಧದಲ್ಲಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದದ್ದು. ಫ್ಲೀಟ್ ಅವರು ಮೊದಲು ಪ್ರಕಟಿಸಿದ ಓದಿನ ಪ್ರಕಾರ ಬೂತುಗನು ಕಪಟದಿಂದ ಇರಿದವನಾಗಿದ್ದನು. ಅನಂತರ ಆ ಪಾಠವನ್ನು ತಿದ್ದಲಾಯಿತು. ತಿದ್ದಿದ ಪಾಠದಂತೆ, ಆನೆಯ ಮೇಲಿನ ಅಂಬಾರಿಯೇ ಕಾಳಗದ ಕಣವಾಯಿತೆಂದು ಅರ್ಥವಾಗುತ್ತದೆ. ಒಂದೆರಡು ಅಕ್ಷರಗಳ ಓದಿನಿಂದ ಒಬ್ಬನು ಕೊಲೆಗಡುಕನಾಗುತ್ತಾನೆ ಅಥವಾ ವೀರನಾಗುತ್ತಾನೆ. ನಿಯಮಕ್ಕೆ ಒಳಪಟ್ಟ ಏಟು ಯಾವುದು, ಹೊರಗಿನದು ಯಾವುದು ಎಂದು ಆ ಗಳಿಗೆಯಲ್ಲಿ ನಿರ್ಧರಿಸಿ ಹೇಳಬೇಕಾದ ವಿವರಣೆಗಾರನು ಈ ಸಂಗತಿಯನ್ನು ಮರೆಯಬಾರದು.

ಇದೇ ದೃಷ್ಟಿಯಿಂದ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವನ್ನೂ ನೋಡಬಹುದು. ೯೮೧ರ ಸುಮಾರಿನಲ್ಲಿ ಚಾವುಂಡರಾಯನು ನಿಲ್ಲಿಸಿದ ೫೮ ಅಡಿ ಎತ್ತರದ ಗೊಮ್ಮಟಮೂರ್ತಿಯು ಒಂದು ಮಲ್ಲಯುದ್ಧದ ಅನಂತರದ ಸ್ಥಿತಿಯನ್ನು ತೋರಿಸುತ್ತದೆಯೆಂಬುದು ನೋಡುವವರ ನೆನಪಿಗೆ ಒಡನೆ ಬಾರದು. ೯೪೧ರಲ್ಲಿ ರಚಿತವಾದ ಪಂಪನ ‘ಆದಿಪುರಾಣ’ದಲ್ಲಿ ಬರುವ ಭರತ-ಬಾಹುಬಲಿಯರ ಕಥೆಯನ್ನು ಕಾಳಗದ ವರದಿಯೆಂಬ ದೃಷ್ಟಿಯಿಂದ ಪರಿಶೀಲಿಸಿದರೆ, ಅಲ್ಲಿ ಬೇಕಾದುದೆಲ್ಲ ಇದೆ. ಸೇನೆಗಳ ನಾಶ ಬೇಡವೆಂದು ಮಂತ್ರಿಗಳು ಒಡಂಬಡಿಸಿದ್ದು, ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧವೆಂಬ ಮೂರು ಸ್ಪರ್ಧೆಗಳ ನಿಯಮ, ಬಾಹುಬಲಿಯು ಅಣ್ಣನನ್ನು ಎತ್ತಿಯೂ ನೆಲಕ್ಕೆ ಅಪ್ಪಳಿಸದೆ ಇಳಿಸಿದ್ದು, ಸೋತ ಭರತನು ನಿಯಮವನ್ನು ಮೀರಿ ಚಕ್ರವನ್ನು ಪ್ರಯೋಗಿಸಿದ್ದು, ಕೊನೆಗೆ ಗೆದ್ದವನು ರಾಜ್ಯವನ್ನು ಬಿಟ್ಟುಕೊಟ್ಟು ಆಡಿದ ಮಾತು. ಚಕ್ರವರ್ತಿಯ ತಪ್ಪನ್ನೂ ಮುಚ್ಚದೆ ಹೇಳಿರುವುದರಿಂದಲೇ ಗೆದ್ದವನ ತ್ಯಾಗಕ್ಕೆ ಅರ್ಥ ಬಂದಿದೆ. ೧೬ನೆಯ ಶತಮಾನದ ರತ್ನಾಕರವರ್ಣಿಯು ‘ಭರತೇಶ ವೈಭವ’ದಲ್ಲಿ ಭರತನನ್ನು ನಾಯಕನನ್ನಾಗಿ ಮಾಡಿಕೊಂಡನು, ಅಲ್ಲಿ ಕಾಳಗವೇ ನಡೆಯದೆ ಎಲ್ಲವೂ ಮಾತಿನಲ್ಲಿ ಮುಗಿಯುತ್ತದೆ. ಕವಿಗೆ ಆ ಸ್ವಾತಂತ್ರ್ಯವುಂಟು. ಸಾಕ್ಷಿಗೆ ಇಲ್ಲ.

೩. ನವರಾತ್ರಿಯ ಕಾಳಗ: ಮೂವರು ಸಾಕ್ಷಿಗಳು

ಕರ್ನಾಟಕದಲ್ಲಿ ಬಾಕ್ಸಿಂಗಿಗೆ ಅತಿ ಸಮೀಪವಾದ ಕಾಳಗವೆಂದರೆ ಜೆಟ್ಟಿಗಳ ವಜ್ರಮುಷ್ಟಿ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಎಂದರೆ ೧೨ನೆಯ ಶತಮಾನದ ಪೂರ್ವಾರ್ಧದಲ್ಲಿಯೇ, ಮಲ್ಲರ ಕಾಳಗವು ರಾಜವಿನೋದಗಳಲ್ಲಿ ಒಂದಾಗಿ ನಿರೂಪಿತವಾಗಿದೆ. ವಿಜಯನಗರದಲ್ಲಿ ಅದು ಮಹಾನವಮಿಯ ಉತ್ಸವಕ್ಕೆ ಸೇರಿಕೊಂಡಿತು. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಉತ್ಸವವನ್ನು ಆರಂಭಿಸಿದ ಬಳಿಕ ಮೈಸೂರು ಸಂಸ್ಥಾನದಲ್ಲಿ ಈ ಉತ್ಸವದ ಪರಂಪರೆ ಮುಂದುವರಿಯಿತು.

ಈ ಕಾಳಗಗಳನ್ನು ಕುರಿತು ಬರೆದಿಟ್ಟ ಹೊರನಾಡಿನವರಲ್ಲಿ ಮೂವರನ್ನು ಇಲ್ಲಿ ಹೋಲಿಸಬಹುದು. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸನು, ಹಲ್ಲು ಮುರಿಯುವಂಥ, ಕಣ್ಣು ಕೀಳುವಂಥ, ಮುಖ ವಿಕಾರವಾಗುವಂಥ ಏಟುಗಳನ್ನೂ, ಮಾತು ನಿಂತವರನ್ನು ಗೆಳೆಯರು ಹೊತ್ತುಕೊಂಡು ಹೋದದ್ದನ್ನೂ ಹೇಳುತ್ತಾನೆ. ಜೊತೆಗೆ, ಇಬ್ಬರನ್ನೂ ಸಮಾನ ನೆಲೆಯಲ್ಲಿ ನಿಲ್ಲಿಸಿ, ಗೆದ್ದವನಿಗೆ ಸಲ್ಲತಕ್ಕ ಗೌರವವನ್ನು ತೀರ್ಮಾನಿಸುವ ನಾಯಕರೂ ತೀರ್ಪುಗಾರರೂ ಅಲ್ಲಿ ಇದ್ದರೆಂದು ತಿಳಿಸುತ್ತಾನೆ. ೧೫೩೫ರ ಸುಮಾರಿನ ನೂನಿಜನು ಇನ್ನೂ ಮಿತಭಾಷಿ. ಅರಸನಲ್ಲಿ ಸಾವಿರ ಮಂದಿ ಮಲ್ಲರು ಇದ್ದರು; ಕೈಯಲ್ಲಿ ಹಿಡಿದ ಮೊನೆಗಳುಳ್ಳ ಬಳೆಗಳಿಂದ ಒಬ್ಬರನ್ನೊಬ್ಬರು ಹೊಡೆದು ಗಾಯಗೊಳಿಸುತ್ತಿದ್ದರು; ಹೆಚ್ಚು ಗಾಯಗೊಂಡವನು ಹೋಗಿ ರೇಷ್ಮೆಯ ವಸ್ತ್ರವನ್ನು ಬಹುಮಾನವಾಗಿ ಪಡೆಯುತ್ತಿದ್ದನು; ಅವರಿಗೆ ಒಬ್ಬ ನಾಯಕನಿದ್ದನು; ಬೇರೆ ಯಾವ ಸೇವೆಯೂ ಅವರಿಗಿರಲಿಲ್ಲ. ನೂನಿಜನು ಬರೆದದ್ದು ಎರಡು ಮೂರು ವಾಕ್ಯ. ಅದರಲ್ಲಿ ಸಂಖ್ಯೆ, ಆಯುಧ, ಪದ್ಧತಿ, ಬಹುಮಾನ, ವ್ಯವಸ್ಥೆ ಎಲ್ಲವೂ ಬಂದಿವೆ. ಬಹುಮಾನವು ಹೆಚ್ಚು ಪೆಟ್ಟು ತಿಂದವನಿಗೆ ಸಲ್ಲುತ್ತಿತ್ತೆಂಬ ಅನಿರೀಕ್ಷಿತ ಸಂಗತಿಯನ್ನು ಅವನು ತನ್ನ ದೇಶದ ರೂಢಿಗೆ ತಕ್ಕಂತೆ ತಿದ್ದಲಿಲ್ಲ. ಕಂಡದ್ದನ್ನು ಬರೆದನು.

ಮೂರನೆಯವನು ಜೇಮ್ಸ್ ಸ್ಕರಿ. ಟಿಪ್ಪು ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಸೆರೆಯಾಳಾಗಿದ್ದ ಇವನ ವೃತ್ತಾಂತ ೧೮೨೪ರಲ್ಲಿ ಪ್ರಕಟವಾಯಿತು. ಜೆಟ್ಟಿಗಳ ಬೋಳಿಸಿದ ತಲೆ, ಎಣ್ಣೆ ಹಚ್ಚಿದ ಮೈ, ಬಲಗೈ ಬೆರಳುಗಳ ಗೆಣ್ಣಿನ ಮೇಲಿನ ನಾಲ್ಕು ಉಕ್ಕಿನ ಮೊನೆಗಳು, ಕೊರಳ ಹೂವನ್ನು ಎದುರಾಳಿಯ ಮುಖಕ್ಕೆ ಎಸೆದು ಕಾಳಗವನ್ನು ಆರಂಭಿಸುತ್ತಿದ್ದ ರೀತಿ ಇವನ್ನೆಲ್ಲ ಅವನು ವಿವರವಾಗಿ ಹೇಳುತ್ತಾನೆ. ಹಿಂಜರಿದವರನ್ನು ಹಿಂದಿನಿಂದ ಬಲವಂತವಾಗಿ ನೂಕಿಸಲಾಗುತ್ತಿತ್ತೆಂದೂ ಬರೆಯುತ್ತಾನೆ. ಆದರೆ ಅವನು ಸೆರೆಯಲ್ಲಿದ್ದವನು. ಸುಲ್ತಾನನ ಮೇಲೆ ಅವನಿಗಿದ್ದ ಕೋಪ ಸಹಜವಾದುದು. ಆದುದರಿಂದ ಆಯುಧದ ವಿಷಯದಲ್ಲಿ ಅವನ ಮಾತನ್ನು ನಂಬುವಷ್ಟು ಸುಲಭವಾಗಿ ಸುಲ್ತಾನನ ಸ್ವಭಾವದ ವಿಷಯದಲ್ಲಿ ನಂಬಲಾಗದು. ಆದರೂ ಅವನು ಯಾರೆಂಬುದು ನಮಗೆ ತಿಳಿದಿರುವುದರಿಂದ ಅವನ ಪಕ್ಷಪಾತವನ್ನು ಕಳೆದು ನೋಡುವುದು ಸಾಧ್ಯವಾಗಿದೆ. ಮೂವರೂ ಜೆಟ್ಟಿಗಳನ್ನು ಮಾತನಾಡಿಸಿದಂತೆ ಕಾಣುವುದಿಲ್ಲ. ಏಟು ತಿಂದವನ ಮಾತು ಈ ಮೂರು ದಾಖಲೆಗಳಲ್ಲಿಯೂ ಇಲ್ಲ. ಆ ಕೊರತೆಯನ್ನು ತುಂಬುವ ಸಾಧನ ಇಪ್ಪತ್ತನೆಯ ಶತಮಾನದಲ್ಲಿ ದೊರೆಯಿತು.

೪. ಧ್ವನಿಯಿಂದ ಚಿತ್ರಕ್ಕೆ

೧೯೨೧ರ ಏಪ್ರಿಲ್ ೧೧ರಂದು ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕೆ.ಡಿ.ಕೆ.ಎ. ರೇಡಿಯೋ ಕೇಂದ್ರವು ಒಂದು ಬಾಕ್ಸಿಂಗ್ ಸ್ಪರ್ಧೆಯ ವಿವರಣೆಯನ್ನು ಪ್ರಸಾರ ಮಾಡಿತು. ಅದೇ ವರ್ಷದ ಜುಲೈ ೨ರಂದು ಡೆಂಪ್ಸಿ ಮತ್ತು ಕಾರ್ಪೆಂಟಿಯರ್ ಅವರ ಸ್ಪರ್ಧೆಯೂ ರೇಡಿಯೋದಲ್ಲಿ ಕೇಳಿಬಂದಿತು. ರೇಡಿಯೋ ವಿವರಣೆಗಾರನು ಕೇಳುಗರ ಕಣ್ಣು; ಅವನು ಸುಮ್ಮನಾದರೆ ಕಾಳಗವೇ ಇಲ್ಲ. ೧೯೪೧ರ ಜೂನ್‌ನಲ್ಲಿ ಲೂಯಿಸ್-ಕಾನ್ ಸ್ಪರ್ಧೆಯ ವಿವರಣೆಯಿಂದ ಹೆಸರಾದ ಡಾನ್ ಡನ್ಫಿ, ಅಲಂಕಾರವನ್ನು ಬಿಟ್ಟು ಏಟನ್ನು ಹಿಂಬಾಲಿಸುವ ಮಾತಿನಿಂದ ಈ ಕಲೆಗೆ ಒಂದು ಮಾದರಿಯನ್ನು ಹಾಕಿಕೊಟ್ಟನು. ನಮ್ಮಲ್ಲಿ ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ರೇಡಿಯೋ ಕೇಂದ್ರವನ್ನು ಆರಂಭಿಸಿದರು. ಮುಂದೆ ಮೈಸೂರು ಆಕಾಶವಾಣಿಯಿಂದ ಬರುತ್ತಿದ್ದ ದಸರಾ ಮೆರವಣಿಗೆಯ ವೀಕ್ಷಕ ವಿವರಣೆಯನ್ನು ಹಳ್ಳಿಗಳಲ್ಲಿ ಗುಂಪುಗೂಡಿ ಕೇಳಿದವರು ಈ ಜಿಲ್ಲೆಯಲ್ಲಿಯೂ ಇದ್ದಾರೆ. ಯಾವ ಆನೆ, ಯಾವ ಪಡೆ, ಯಾವ ವಾದ್ಯ ಎಂದು ಸರದಿಯಾಗಿ ಹೇಳುವ ಆ ಕ್ರಮಕ್ಕೆ ಒಂದು ಶಿಸ್ತು ಇತ್ತು.

ಟೆಲಿವಿಷನ್ ಬಂದ ಮೇಲೆ ವಿವರಣೆಗಾರನ ಧರ್ಮ ಬದಲಾಗಬೇಕಾಗಿತ್ತು. ಏಟು ನೋಡುವವನಿಗೇ ಕಾಣುತ್ತಿರುವಾಗ, ಏಟು ಬಿದ್ದಿತೆಂದು ಹೇಳುವುದು ಪುನರುಕ್ತಿ. ಕ್ಯಾಮರಾಕ್ಕೆ ಕಾಣದಿರುವುದನ್ನು ಹೇಳುವುದು ಅವನ ಕೆಲಸ: ಯಾರ ಉಸಿರು ಕುಗ್ಗಿದೆ, ಯಾರು ಹಿಂದಿನ ಸುತ್ತಿನಿಂದ ಒಂದು ಪಕ್ಕೆಯನ್ನು ಕಾಪಾಡಿಕೊಳ್ಳುತ್ತಿದ್ದಾನೆ, ತೀರ್ಪುಗಾರರು ಯಾವುದಕ್ಕೆ ಅಂಕ ಕೊಡುವರು. ಅದರ ಬದಲಿಗೆ ಅನೇಕ ಪ್ರಸಾರಗಳಲ್ಲಿ ನಡೆಯುವುದೇನೆಂದರೆ, ಕಾಳಗಕ್ಕೆ ಮೊದಲೇ ಒಂದು ಕಥೆ ಸಿದ್ಧವಾಗಿರುತ್ತದೆ; ಕಣದಲ್ಲಿ ನಡೆಯುವುದನ್ನೆಲ್ಲ ಆ ಕಥೆಗೆ ಹೊಂದಿಸಲಾಗುತ್ತದೆ. ಹೆಸರಾದವನು ಬೀಸಿ ತಪ್ಪಿದ ಏಟಿಗೂ ಹೊಗಳಿಕೆ, ಹೆಸರಿಲ್ಲದವನ ನೇರವಾದ ಏಟಿಗೆ ಮೌನ. ಸ್ಪರ್ಧೆಯನ್ನು ಏರ್ಪಡಿಸುವವರೂ, ಪ್ರಸಾರ ಮಾಡುವವರೂ, ವಿವರಣೆಗಾರನಿಗೆ ಸಂಬಳ ಕೊಡುವವರೂ ಒಂದೇ ಹಿತದಿಂದ ಬದ್ಧರಾಗಿರುವಾಗ ಇದು ಆಶ್ಚರ್ಯವಲ್ಲ. ವೀರಗಲ್ಲಿನ ವಿಷಯದಲ್ಲಿ ಕೇಳಿದ ಪ್ರಶ್ನೆ ಇಲ್ಲಿಯೂ ಸಲ್ಲುತ್ತದೆ: ಕಲ್ಲಿಗೆ ಹಣ ಕೊಟ್ಟವರು ಯಾರು?

ಇದಕ್ಕೆ ವಿರುದ್ಧವಾದ ನಿದರ್ಶನಗಳೂ ಇವೆ; ಅವುಗಳಿಂದಲೇ ಈ ವೃತ್ತಿಯ ಬೆಲೆ ತಿಳಿಯುವುದು. ೧೯೮೮ರ ಸೋಲ್ ಒಲಿಂಪಿಕ್ಸಿನಲ್ಲಿ ಅಮೆರಿಕದ ರಾಯ್ ಜೋನ್ಸನು ಕೊರಿಯದ ಪಾರ್ಕ್ ಸಿ-ಹುನನಿಗೆ ೩-೨ರಿಂದ ಸೋತನೆಂದು ತೀರ್ಪಾಯಿತು. ಆದರೆ ಎನ್.ಬಿ.ಸಿ. ಪ್ರಸಾರದವರು ಏಟುಗಳನ್ನು ಎಣಿಸಿದ್ದರು: ಜೋನ್ಸನವು ೮೬, ಪಾರ್ಕನವು ೩೨. ಆ ಎಣಿಕೆಯು ತೀರ್ಪನ್ನು ಬದಲಿಸಲಿಲ್ಲ. ಆದರೆ ತೀರ್ಪನ್ನು ಪ್ರಶ್ನಿಸಲು ಆಧಾರವಾಯಿತು. ೧೯೯೨ರ ಒಲಿಂಪಿಕ್ಸಿನಲ್ಲಿ ಯಂತ್ರದ ಮೂಲಕ ಅಂಕ ಗಣಿಸುವ ಪದ್ಧತಿ ಬಂದದ್ದರ ಹಿಂದೆ ಈ ಅಸಮಾಧಾನವಿತ್ತು. ೧೯೮೨ರ ನವೆಂಬರಿನಲ್ಲಿ ಹೋಮ್ಸನು ಕಾಬ್ ಎಂಬವನನ್ನು ಹದಿನೈದು ಸುತ್ತು ಜಜ್ಜಿದಾಗ, ಅದನ್ನು ವಿವರಿಸುತ್ತಿದ್ದ ಹೊವರ್ಡ್ ಕೊಸೆಲನು ಕಾಳಗವನ್ನು ನಿಲ್ಲಿಸದ ತೀರ್ಪುಗಾರನನ್ನು ಪ್ರಸಾರದಲ್ಲಿಯೇ ಟೀಕಿಸಿ, ಆ ಬಳಿಕ ವೃತ್ತಿನಿರತರ ಬಾಕ್ಸಿಂಗಿನ ವಿವರಣೆಯನ್ನೇ ಬಿಟ್ಟನು. ತನಗೆ ಅನ್ನ ಕೊಟ್ಟ ಆಟದ ವಿಷಯದಲ್ಲಿ ಹೀಗೆ ಸಾಕ್ಷ್ಯ ನುಡಿಯುವುದು ಸುಲಭವಲ್ಲ.

೫. ಕಾಳಗದ ಅನಂತರದ ಸಂದರ್ಶನ

ನೂನಿಜನಿಗಾಗಲಿ ಸ್ಕರಿಗಾಗಲಿ ಇಲ್ಲದಿದ್ದ ಸೌಕರ್ಯ ಇಂದಿನ ಸಂದರ್ಶಕನಿಗಿದೆ. ಕಾದಿದವನನ್ನೇ ಅವನು ಕೇಳಬಹುದು. ಆದರೆ ಕೇಳುವುದೇನು? ಹೇಗೆನಿಸುತ್ತಿದೆ, ಈ ಗೆಲುವು ಯಾರಿಗೆ ಅರ್ಪಣೆ, ಮುಂದಿನ ಎದುರಾಳಿ ಯಾರು ಎಂಬ ಮೂರು ಪ್ರಶ್ನೆಗಳಲ್ಲಿಯೇ ಬಹುಪಾಲು ಸಂದರ್ಶನಗಳು ಮುಗಿಯುತ್ತವೆ. ಮೊದಲನೆಯದಕ್ಕೆ ಉತ್ತರ ಎಲ್ಲರಿಗೂ ಗೊತ್ತು. ಕೊನೆಯದು ಮುಂದಿನ ಸ್ಪರ್ಧೆಯ ಜಾಹೀರಾತು. ನಾಲ್ಕನೆಯ ಸುತ್ತಿನಲ್ಲಿ ನಿಲುವನ್ನು ಬದಲಿಸಿದ್ದೇಕೆ, ಆ ಏಟು ಬಂದದ್ದು ಕಾಣಲಿಲ್ಲವೆ ಎಂಬಂಥ, ಉತ್ತರದಿಂದ ತಿಳಿವಳಿಕೆ ಬೆಳೆಯುವಂಥ ಪ್ರಶ್ನೆ ಅಪರೂಪ.

ಗೆದ್ದವನಿಗೆ ಅಹಿತವಾದ ಪ್ರಶ್ನೆಯನ್ನು ಕೇಳುವುದು ಇನ್ನೂ ಅಪರೂಪ. ೨೦೧೧ರ ಸೆಪ್ಟೆಂಬರಿನಲ್ಲಿ, ಕ್ಷಮೆ ಕೇಳುತ್ತ ಎಚ್ಚರತಪ್ಪಿ ನಿಂತಿದ್ದ ಆರ್ಟಿಜನನ್ನು ಮೇವೆದರನು ಹೊಡೆದು ಕೆಡವಿದಾಗ, ಎಂಬತ್ತು ವಯಸ್ಸಿನ ಲ್ಯಾರಿ ಮರ್ಚೆಂಟನು ಅದರ ನ್ಯಾಯಾನ್ಯಾಯವನ್ನು ಕುರಿತೇ ಕೇಳಿದನು. ಇಬ್ಬರ ನಡುವೆ ಕಣದಲ್ಲಿಯೇ ಮಾತಿಗೆ ಮಾತು ಬೆಳೆಯಿತು. ಸಂದರ್ಶಕನು ತಾಳ್ಮೆಗೆಟ್ಟದ್ದು ಮಾದರಿಯಲ್ಲ. ಆದರೆ ಅವನು ಕೇಳಿದ ಪ್ರಶ್ನೆ ಸರಿಯಾದದ್ದು.

ಸೋತವರ ಮಾತಿನ ಬೆಲೆ ಕೆಲವು ವೇಳೆ ವರ್ಷಗಳ ಬಳಿಕ ಗೊತ್ತಾಗುತ್ತದೆ. ೨೦೧೬ರ ರಿಯೊ ಒಲಿಂಪಿಕ್ಸಿನಲ್ಲಿ ಐರ್ಲೆಂಡಿನ ಮೈಕೇಲ್ ಕಾನ್ಲನ್ ಸೋತ ಕೂಡಲೆ ಟೆಲಿವಿಷನ್ ಸಂದರ್ಶನದಲ್ಲಿ ತೀರ್ಪಿನಲ್ಲಿ ಮೋಸವಿದೆಯೆಂದು ಕಟುವಾಗಿ ಹೇಳಿದನು. ಆಗ ಅದು ಸೋತವನ ಸಿಟ್ಟೆಂದು ಅನೇಕರಿಗೆ ತೋರಿತು. ೨೦೨೧ರಲ್ಲಿ ಮೆಕ್ಲಾರೆನ್ ತನಿಖಾ ವರದಿಯು ರಿಯೊ ಬಾಕ್ಸಿಂಗಿನಲ್ಲಿ ತೀರ್ಪುಗಳನ್ನು ತಿರುಚುವ ವ್ಯವಸ್ಥೆಯಿತ್ತೆಂದು ಹೇಳಿತು. ೨೦೧೪ರ ಇಂಚಿಯಾನ್ ಏಷ್ಯನ್ ಕ್ರೀಡೆಗಳಲ್ಲಿ ಭಾರತದ ಸರಿತಾದೇವಿಯವರು ಸೆಮಿಫೈನಲ್ ತೀರ್ಪನ್ನು ಒಪ್ಪದೆ, ಕಂಚಿನ ಪದಕವನ್ನು ಎದುರಾಳಿಯ ಕೊರಳಿಗೆ ಹಾಕಿದರು. ಅದಕ್ಕಾಗಿ ಒಂದು ವರ್ಷದ ನಿಷೇಧವನ್ನು ಅನುಭವಿಸಿದರು. ಇಂಥವರ ಮಾತು ಸರಿಯೋ ತಪ್ಪೋ ಎಂಬುದನ್ನು ಅಂದೇ ತೀರ್ಮಾನಿಸಲಾಗದಿದ್ದರೂ, ಅಂದೇ ಬರೆದಿಟ್ಟುಕೊಳ್ಳಬೇಕಾದದ್ದು ಅವಶ್ಯ.

ಆದರೆ ಕೇಳುವ ಹಕ್ಕಿಗೂ ಒಂದು ಎಲ್ಲೆಯಿದೆ. ೧೯೬೨ರ ಮಾರ್ಚ್ ೨೪ರಂದು ಗ್ರಿಫಿತನ ಏಟುಗಳಿಂದ ಪ್ರಜ್ಞೆ ತಪ್ಪಿದ ಬೆನ್ನಿ ಪ್ಯಾರೆಟ್ ಏಪ್ರಿಲ್ ೩ರಂದು ತೀರಿಕೊಂಡನು. ಆ ರಾತ್ರಿಯ ಪ್ರಸಾರದಲ್ಲಿ ಗೆದ್ದವನ ಸಂದರ್ಶನ ನಡೆಯಿತು. ಪ್ಯಾರೆಟನನ್ನು ಕೆಡವಿದ ಏಟುಗಳನ್ನು ನಿಧಾನಗತಿಯಲ್ಲಿ ಮತ್ತೆ ತೋರಿಸಲಾಯಿತು. ಮಿಶ್ರ ಕಾಳಗದ ಕಣದಲ್ಲಿ ೨೦೧೭ರ ಜುಲೈಯಲ್ಲಿ, ತಲೆಗೆ ಬಿದ್ದ ಏಟಿನಿಂದ ಇನ್ನೂ ಚೇತರಿಸಿಕೊಳ್ಳದ ಡೇನಿಯಲ್ ಕಾರ್ಮಿಯರನ ಮುಂದೆ ಜೋ ರೋಗನ್ ಧ್ವನಿಗ್ರಾಹಕವನ್ನು ಹಿಡಿದನು. ಬಳಿಕ ಅದಕ್ಕಾಗಿ ಕ್ಷಮೆ ಕೇಳಿದನು. ಮಿದುಳಿಗೆ ಪೆಟ್ಟಾದವನ ಮಾತು ಸಾಕ್ಷ್ಯವಾಗಲಾರದು. ಅದನ್ನು ಪಡೆಯುವುದು ಮಾನವೀಯತೆಯೂ ಅಲ್ಲ. ವೈದ್ಯನು ನೋಡಿದ ಬಳಿಕವೇ ಸಂದರ್ಶಕನು ನೋಡತಕ್ಕದ್ದು ಎಂಬ ನಿಯಮ ಎಲ್ಲೆಡೆಯೂ ಇರಬೇಕು.

೬. ನಮ್ಮ ಕಣ, ನಮ್ಮ ಮಾತು

ಇಂದಿಗೂ ವಿಜಯದಶಮಿಯ ದಿನ ಮೈಸೂರು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ನಡೆಯುತ್ತದೆ. ರಕ್ತ ಕಾಣಿಸಿದೊಡನೆ ಕಾಳಗ ನಿಲ್ಲುತ್ತದೆ. ಅನೇಕ ವೇಳೆ ಒಂದು ನಿಮಿಷವೂ ಹಿಡಿಯುವುದಿಲ್ಲ. ಅದರ ಚಿತ್ರ ಪ್ರತಿ ವರ್ಷವೂ ಟೆಲಿವಿಷನ್ನಿನಲ್ಲಿ ಬರುತ್ತದೆ. ಜೊತೆಗೆ ಬರುವ ಮಾತು ಬಹುಮಟ್ಟಿಗೆ ಪರಂಪರೆಯ ಹಿರಿಮೆಯನ್ನೂ, ನೆರೆದವರ ಸಂಭ್ರಮವನ್ನೂ ಕುರಿತದ್ದು. ಜೆಟ್ಟಿಗಳು ಯಾವ ಗರಡಿಯವರು, ಯಾವ ಪಟ್ಟನ್ನು ಹಿಡಿದರು, ಯಾರ ಏಟು ಎಲ್ಲಿ ಬಿದ್ದಿತು, ಗಾಯಗೊಂಡವನು ಏನು ಹೇಳಿದನು ಎಂಬುದು ಕೇಳಿಬರುವುದು ಕಡಮೆ. ಐದು ನೂರು ವರ್ಷಗಳ ಹಿಂದೆ ಪರದೇಶದವನೊಬ್ಬನು ಎರಡು ಮೂರು ವಾಕ್ಯಗಳಲ್ಲಿ ಹೇಳಿದಷ್ಟನ್ನು, ಚಿತ್ರವೂ ಧ್ವನಿಯೂ ಕೈಯಲ್ಲಿರುವ ನಾವು ಹೇಳದಿದ್ದರೆ, ಮುಂದಿನವರಿಗೆ ಉಳಿಯುವುದು ಸಂಭ್ರಮವೆಂಬ ಒಂದೇ ಪದ.

ಕನ್ನಡದಲ್ಲಿ ಈ ಕಾರ್ಯಕ್ಕೆ ಮಾತಿನ ಕೊರತೆಯಿಲ್ಲ. ಪಟ್ಟು, ವರಸೆ, ಡಾವು, ಮಗ್ಗುಲು, ಚಿತ್ತು ಮುಂತಾದ ಗರಡಿಯ ಮಾತುಗಳು ಹಳೆಯ ಪೈಲ್ವಾನರ ಬಾಯಲ್ಲಿ ಇನ್ನೂ ಇವೆ. ಜಾತ್ರೆಯ ಕುಸ್ತಿಯಲ್ಲಿ ಮೈಕು ಹಿಡಿದು ಜೋಡಿಗಳನ್ನು ಕೂಗುವವನು ಪೈಲ್ವಾನನ ಹೆಸರು, ಊರು, ಉಸ್ತಾದರ ಹೆಸರು ಇವನ್ನು ತಪ್ಪದೆ ಹೇಳುತ್ತಾನೆ. ಆ ಮಟ್ಟಿಗೆ ಅವನು ಅನೇಕ ವಾಹಿನಿಗಳ ವಿವರಣೆಗಾರರಿಗಿಂತ ಉತ್ತಮ ದಾಖಲೆಗಾರ. ಕಬಡ್ಡಿ ಮತ್ತು ಕ್ರಿಕೆಟ್ ಆಟಗಳಿಗೆ ಕನ್ನಡ ವಿವರಣೆ ಬಂದಿರುವಾಗ, ಬಾಕ್ಸಿಂಗಿಗೂ ಕುಸ್ತಿಗೂ ಈ ಪದಸಂಪತ್ತನ್ನು ಬಳಸುವುದು ಕಷ್ಟವಲ್ಲ.

ಇತಿಹಾಸ ವಿಭಾಗಗಳು ಇಲ್ಲಿ ಒಂದು ಸಣ್ಣ ಕೆಲಸವನ್ನು ಮಾಡಬಹುದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆ ಹಿಂದೆ ಕುಸ್ತಿ ಆಡಿದ ಹಿರಿಯರನ್ನು ವಿದ್ಯಾರ್ಥಿಗಳು ಅವರ ಮನೆಗಳಿಗೆ ಹೋಗಿ ಕಂಡು, ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳುವುದು. ಕೇಳತಕ್ಕ ಪ್ರಶ್ನೆಗಳು ಸರಳ: ಎಲ್ಲಿ ಕಲಿತಿರಿ, ಕಣ ಎಲ್ಲಿತ್ತು, ನಿಯಮವೇನು, ಬಹುಮಾನವೇನು, ಎಷ್ಟು ಗಾಯ, ಯಾರು ಸೋತರು. ಗೆದ್ದವರನ್ನು ಕೇಳಿದಷ್ಟೇ ತಾಳ್ಮೆಯಿಂದ ಸೋತವರನ್ನೂ ಕೇಳಬೇಕು. ಮಾತಿನ ಜೊತೆಗೆ ದಿನಾಂಕ, ಸ್ಥಳ, ಕೇಳಿದವರ ಹೆಸರು ಇವನ್ನು ಬರೆದಿಡಬೇಕು. ಆ ಹಿರಿಯರಲ್ಲಿ ಹಲವರಿಗೆ ಈಗಾಗಲೇ ವಯಸ್ಸು ಮೀರಿದೆ. ಈ ಕೆಲಸಕ್ಕೆ ಉಳಿದಿರುವ ಕಾಲ ದೀರ್ಘವಲ್ಲ. ಅವರ ಗರಡಿಗಳ ಕೆಮ್ಮಣ್ಣು ಒಣಗುವ ಮೊದಲು ಅವರ ಮಾತು ದಾಖಲೆಯ ಪುಟವನ್ನು ಸೇರಬೇಕು.